ಮದ್ರಾಸಿನವರೇ ಬೇಕು

ಧಾರವಾಡ
೧೧ ಮಾರ್ಚ್ ೧೯೬೦

ಮಾವನಿಗೆ ದೇವಕಿಯ ನಮಸ್ಕಾರಗಳು.

ಅಮ್ಮನ ಕಾಗದ ನಿನ್ನೆ ಬಂತು. ನೇರಳಪದವಿನಲ್ಲಿ ನೀವೆಲ್ಲ ಸೇರಿ ಕಟ್ಟಿದ ಹೈಸ್ಕೂಲಿಗೆ ಮಾಡು ಹೊದಿಸಿ ಆಯಿತಂತೆ, ಜೂನ್ ತಿಂಗಳಲ್ಲಿ ತೆರೆಯುತ್ತೀರಂತೆ, ನೀವೇ ಅದರ ಕರೆಸ್ಪಾಂಡೆಂಟರಂತೆ. ಶಾಲೆಯ ಆಡಳಿತ ನೋಡುವವರಿಗೆ ಆ ಹೆಸರು ಯಾಕೆ ಬಂತೋ ನನಗೆ ತಿಳಿಯದು. ಕಾಗದಗಳಿಗೆ ಉತ್ತರ ಬರೆಯುವುದೇ ಅವರ ಮುಖ್ಯ ಕೆಲಸ ಇರಬಹುದು. ಹಾಗಾದರೆ ಇದಕ್ಕೂ ಉತ್ತರ ಬರಬೇಕು.

ಗಣಿತ ಕಲಿಸುವವರು ಇನ್ನೂ ಸಿಕ್ಕಿಲ್ಲ ಎಂದು ಅಮ್ಮ ಬರೆದಿದ್ದಾಳೆ. ಮಾವ, ಆ ಕೆಲಸ ನನಗೆ ಕೊಡಿ. ಸುತ್ತು ಬಳಸಿ ಕೇಳುವುದು ನನಗೆ ಬರುವುದಿಲ್ಲ. ಗಣಿತದಲ್ಲಿ ಬಿ.ಎಸ್ಸಿ. ಮಾಡಿದ್ದೇನೆ, ಮೊದಲ ದರ್ಜೆ. ಕಳೆದ ವರ್ಷವೆಲ್ಲ ಇಲ್ಲಿನ ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ, ರಜೆ ಹೋದವರ ಬದಲಿಗೆ ನಿಂತು ಪಾಠ ಮಾಡಿದ್ದೇನೆ. ಮಕ್ಕಳು ನನ್ನ ಗಂಟೆಗೆ ಕಾಯುತ್ತಿದ್ದರು ಎಂದರೆ ಜಂಬ ಎನ್ನಬೇಡಿ, ಅದು ನಿಜ.

ಅಪ್ಪ ತೀರಿಕೊಂಡಾಗ ನೀವು ಅಮ್ಮನನ್ನು ನಿಮ್ಮ ಮನೆಗೆ ಕರೆದುಕೊಂಡಿರಿ, ನನ್ನನ್ನು ಓದಲು ಅಕ್ಕ ಭಾವನ ಜೊತೆ ಇಲ್ಲಿಗೆ ಕಳಿಸಿದಿರಿ. ಅದನ್ನು ನಾನು ಮರೆತಿಲ್ಲ. ಈಗ ಭಾವನಿಗೆ ಸೊಲ್ಲಾಪುರಕ್ಕೆ ವರ್ಗವಾಗಿದೆ. "ನೀನೂ ಬಾ, ಮಕ್ಕಳನ್ನು ನೋಡಿಕೊಂಡಿರು" ಎನ್ನುತ್ತಾಳೆ ಅಕ್ಕ. ಮಕ್ಕಳೆಂದರೆ ನನಗೆ ಪ್ರಾಣ. ಆದರೆ ತೊಟ್ಟಿಲು ತೂಗುವುದಕ್ಕೆ ಇಷ್ಟೆಲ್ಲ ಓದಬೇಕಾಗಿರಲಿಲ್ಲ. ನನ್ನ ಊರಿನಲ್ಲಿ, ನಾನು ಓದಿದ್ದರ ಕೆಲಸ ನನಗೆ ಬೇಕು.

ನಿಮ್ಮ ಉತ್ತರದ ದಾರಿ ನೋಡುತ್ತಿರುವ,
ದೇವಕಿ


ನೇರಳಪದವು, ಕುಂಬ್ರದ ಹತ್ತಿರ
೨೧ ಮಾರ್ಚ್ ೧೯೬೦

ಕೂಸೇ ದೇವಕಿ,

ನಿನ್ನ ಕಾಗದವನ್ನು ಗಟ್ಟಿಯಾಗಿ ಓದಿದೆ. ನಿನ್ನ ಅಮ್ಮ ಶಂಕರಿ ಕಣ್ಣೊರೆಸಿಕೊಂಡಳು, ನಾನು ಕನ್ನಡಕ ಒರೆಸಿಕೊಂಡೆ. ಆದರೆ ಆಗುವುದಿಲ್ಲ, ಕೂಸೇ.

ಶಾಲಾ ಸಮಿತಿ ಠರಾವು ಮಾಡಿ ಆಗಿದೆ. ಗಣಿತಕ್ಕೂ ಇಂಗ್ಲಿಷಿಗೂ ಮದ್ರಾಸ್ ವಿಶ್ವವಿದ್ಯಾಲಯದ ಪದವೀಧರರೇ ಬೇಕು. ನಮ್ಮ ಜಿಲ್ಲೆ ಮದ್ರಾಸನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿ ಇಷ್ಟು ವರ್ಷವಾದರೂ ಜನರ ತಲೆ ಇನ್ನೂ ಅಲ್ಲೇ ಉಂಟು. ಪುತ್ತೂರಿನ ದೊಡ್ಡ ವಕೀಲರು ಎಲ್ಲಿ ಓದಿದ್ದು? ಮದ್ರಾಸ್. ಡಾಕ್ಟರು? ಮದ್ರಾಸ್. ಮೊನ್ನೆ ಮೊನ್ನೆಯವರೆಗೆ ಕಲೆಕ್ಟರ ಆಫೀಸಿನ ಜವಾನನೂ ಮದ್ರಾಸಿನ ಮೊಹರು ಕಂಡರೆ ಎದ್ದು ನಿಲ್ಲುತ್ತಿದ್ದ.

ಸಮಿತಿಯ ಅಧ್ಯಕ್ಷರು ಕುಕ್ಕಪ್ಪ ಗೌಡರು. ನಿನ್ನ ಹೆಸರು ಎತ್ತಿದೆ ನಾನು, ಎತ್ತಲಿಲ್ಲ ಎನ್ನಬೇಡ. ಅವರು ಹೇಳಿದ್ದು ಹೀಗೆ: "ಸುಳ್ಯದ ಕಡೆಯ ಮಕ್ಕಳು ನಮ್ಮಲ್ಲಿಗೆ ಬರ್ಬೇಕಾದ್ರೆ ಬೋರ್ಡಿನಲ್ಲಿ ಮದ್ರಾಸ್ ಅಂತ ಇರ್ಬೇಕು ಭಟ್ರೇ. ಧಾರವಾಡ ಅಂದ್ರೆ ಪೇಡ ಅಲ್ವಾ ಮಾರಾಯ್ರೆ?" ಎಲ್ಲರೂ ನಕ್ಕರು. ನಾನೂ ನಕ್ಕೆ. ಬೋರ್ಡು ಬರೆಸಿಯೂ ಆಗಿದೆ: 'ಮದ್ರಾಸ್ ಪದವೀಧರರಿಂದ ಬೋಧನೆ' ಎಂದು ದೊಡ್ಡ ಅಕ್ಷರದಲ್ಲಿ. ಪದವೀಧರರು ಮಾತ್ರ ಇನ್ನೂ ಬರಬೇಕು.

ನಿನ್ನ ಓದು ಕಡಿಮೆ ಎಂದು ನಾನು ಹೇಳುತ್ತಿಲ್ಲ. ಆದರೆ ನಿನ್ನ ವಿಶ್ವವಿದ್ಯಾಲಯ ಪ್ರಾಯದಲ್ಲಿ ನಿನಗಿಂತಲೂ ಸಣ್ಣದು. ಅದು ಬೆಳೆಯಲಿ, ಆಮೇಲೆ ನೋಡುವ. ಸದ್ಯಕ್ಕೆ ಸೊಲ್ಲಾಪುರಕ್ಕೆ ಹೋಗು. ಅಲ್ಲಿ ಚಾದರ ಒಳ್ಳೆಯದು ಸಿಗುತ್ತದಂತೆ.

ಶ್ಯಾಮ ಭಟ್ಟ
ಕರೆಸ್ಪಾಂಡೆಂಟ್


ಧಾರವಾಡ
೩೦ ಮಾರ್ಚ್ ೧೯೬೦

ಮಾವ,

ಚಾದರ ಬೇಕಾದರೆ ಭಾವನಿಗೆ ಬರೆಯಿರಿ, ಕಳಿಸುತ್ತಾರೆ.

ನನಗೆ ಸಿಟ್ಟು ಬಂದಿದೆ, ಮುಚ್ಚಿಡುವುದಿಲ್ಲ. ಕುಕ್ಕಪ್ಪ ಗೌಡರು ನಕ್ಕದ್ದಕ್ಕಲ್ಲ, ನೀವೂ ನಕ್ಕದ್ದಕ್ಕೆ. ತ್ರಿಭುಜದ ಮೂರು ಕೋನ ಕೂಡಿಸಿದರೆ ಮದ್ರಾಸಿನಲ್ಲಿ ನೂರ ಎಂಬತ್ತು, ಧಾರವಾಡದಲ್ಲಿ ನೂರ ಎಪ್ಪತ್ತೊಂಬತ್ತೇ? ನನ್ನ ಪ್ರಶ್ನೆಪತ್ರಿಕೆಯನ್ನು ನೀವು ಕೇಳಲಿಲ್ಲ, ನಾನು ಪಾಠ ಮಾಡುವುದನ್ನು ನೋಡಲಿಲ್ಲ. ಊರಿನ ಹೆಸರು ಕೇಳಿದಿರಿ, ಅಷ್ಟಕ್ಕೇ ಮುಗಿಸಿದಿರಿ.

ಜಿಲ್ಲೆಯ ಬೇರೆ ಶಾಲೆಗಳಿಗೂ ಅರ್ಜಿ ಹಾಕಿದ್ದೇನೆ. ಒಂದು ಕಡೆಯಿಂದ ಉತ್ತರ ಬಂದಿದೆ: "ತಮ್ಮ ಅಂಕಗಳು ಶ್ಲಾಘನೀಯ, ಆದರೆ ಪೋಷಕರು ಒಪ್ಪಲಾರರು." ಪೋಷಕರನ್ನು ಅವರು ಕೇಳಿದ್ದಾರೆಯೇ? ನೀವು ಕೇಳಿದ್ದೀರಾ? ಸಮಿತಿಯವರು ಪೋಷಕರಿಗೆ ಹೆದರುತ್ತಾರೆ, ಪೋಷಕರು ಸಮಿತಿಯವರನ್ನು ನಂಬುತ್ತಾರೆ. ನಡುವೆ ನಿಂತವಳು ನಾನು.

ಮಂಗಳೂರಿನಲ್ಲೋ ಮದ್ರಾಸಿನಲ್ಲೋ ಹಾಸ್ಟೆಲಿನಲ್ಲಿಟ್ಟು ನನ್ನನ್ನು ಓದಿಸುವ ಶಕ್ತಿ ನಮ್ಮ ಮನೆಗೆ ಇರಲಿಲ್ಲ. ಧಾರವಾಡದಲ್ಲಿ ಅಕ್ಕ ಇದ್ದಳು, ಅಲ್ಲಿ ಓದಿದೆ. ಊರು ನಾನು ಆರಿಸಿಕೊಂಡದ್ದಲ್ಲ. ಓದು ಮಾತ್ರ ನನ್ನದು.

ನಾನು ಸೊಲ್ಲಾಪುರಕ್ಕೆ ಹೋಗುವುದಿಲ್ಲ.

ದೇವಕಿ, ಬಿ.ಎಸ್ಸಿ. (ಧಾರವಾಡ)


ನೇರಳಪದವು
೨೦ ಜೂನ್ ೧೯೬೦

ದೇವಕಿ,

ನಿನ್ನ ಸಿಟ್ಟು ಇಷ್ಟು ಹೊತ್ತಿಗೆ ಇಳಿದಿರಬಹುದು. ಹೋಗುವುದಿಲ್ಲ ಎಂದರೂ ಹೋಗಿರುತ್ತೀ ಎಂದುಕೊಂಡು ಸೊಲ್ಲಾಪುರಕ್ಕೇ ಬರೆಯುತ್ತಿದ್ದೇನೆ.

ಶಾಲೆ ತೆರೆಯಿತು. ಮದ್ರಾಸೂ ಬಂತು! ಹೆಸರು ವರದರಾಜನ್. ನಾವು ಕೇಳಿದ್ದು ಬಿ.ಎ., ಸಿಕ್ಕಿದ್ದು ಎಂ.ಎ., ಅದೂ ಗಣಿತದಲ್ಲಿ, ಅದೂ ಮದ್ರಾಸ್ ಪಟ್ಟಣದಲ್ಲೇ ಹುಟ್ಟಿ ಬೆಳೆದವರು. ಅರ್ಜಿ ಕೈಗೆ ಬಂದ ದಿನವೇ ಗೌಡರು ತಂತಿ ಹೊಡೆಸಿದರು, ಬೇರೆ ಯಾರಾದರೂ ಹಾರಿಸಿಕೊಂಡು ಹೋದಾರು ಎಂದು. ಪುತ್ತೂರು ಬಸ್ ಸ್ಟ್ಯಾಂಡಿನಲ್ಲಿ ನಾವೆಲ್ಲ ಹಾರ ಹಿಡಿದು ನಿಂತೆವು. ಗೌಡರು ಅಲ್ಲೇ ಬಸ್ಸಿನ ಪಕ್ಕದಲ್ಲಿ ಸ್ವಾಗತ ಭಾಷಣ ಮಾಡಿದರು. ಮಾಸ್ತರರು ಕೈಮುಗಿದು ನಗುತ್ತ ಕೇಳಿದರು.

ಬಹಳ ಒಳ್ಳೆಯ ಜನ. ಮಾತು ಅತಿ ಕಡಿಮೆ. "ತುಂಬ ಓದಿದವರು ಹಾಗೇ" ಎನ್ನುತ್ತಾರೆ ಗೌಡರು. ನಮ್ಮ ಹೊರಚಾವಡಿಯಲ್ಲಿ ಅವರಿಗೆ ಬಿಡಾರ. ಶಂಕರಿ "ಸಾರು ಬೇಕಾ, ಮಜ್ಜಿಗೆ ಬೇಕಾ" ಎಂದು ಕೇಳಿದರೆ ಎರಡಕ್ಕೂ ತಲೆಯಾಡಿಸುತ್ತಾರೆ, ಬಡಿಸಿದ್ದನ್ನೆಲ್ಲ ಊಟ ಮಾಡುತ್ತಾರೆ. ಪಾಠ ಪೂರಾ ಇಂಗ್ಲಿಷಿನಲ್ಲಿ. ಕಿಟಕಿಯ ಹೊರಗೆ ನಿಂತು ಕೇಳಿದರೆ ರೇಡಿಯೋ ವಾರ್ತೆ ಕೇಳಿದ ಹಾಗಾಗುತ್ತದೆ. ಮಕ್ಕಳು ಪಿಟಿಕ್ ಎನ್ನುವುದಿಲ್ಲ. ಇಂಥ ಶಿಸ್ತನ್ನು ನಾನು ಬೇರೆಲ್ಲೂ ಕಂಡಿಲ್ಲ.

ಬೇಜಾರು ಮಾಡಿಕೊಳ್ಳಬೇಡ. ಶಾಲೆ ಹೆಸರು ಮಾಡಿದರೆ ಊರಿಗೇ ಒಳ್ಳೆಯದಲ್ಲವೇ?

ನಿನ್ನ ಮಾವ,
ಶ್ಯಾಮ ಭಟ್ಟ


ಪುತ್ತೂರು
೧ ಆಗಸ್ಟ್ ೧೯೬೦

ಮಾವ,

ನಿಮ್ಮ ಕಾಗದ ಸೊಲ್ಲಾಪುರ ಸುತ್ತಿ ಪುತ್ತೂರಿಗೆ ಬಂತು. ನಾನು ಪುತ್ತೂರಿನಲ್ಲಿದ್ದೇನೆ. ಆಸ್ಪತ್ರೆಯ ನರ್ಸ್ ಪಂಕಜಾಕ್ಷಿಯವರ ಮನೆಯಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದಿದ್ದೇನೆ. ಬೆಳಿಗ್ಗೆ ಸಂಜೆ ಜಗಲಿಯಲ್ಲಿ ಮಕ್ಕಳಿಗೆ ಗಣಿತದ ಟ್ಯೂಷನ್. ಶುರುವಿನಲ್ಲಿ ಪಂಕಜಾಕ್ಷಿಯವರ ಅಕ್ಕನ ಮಗಳು ಒಬ್ಬಳೇ ಇದ್ದಳು, ಈಗ ಜಗಲಿ ಸಾಲುವುದಿಲ್ಲ. ಮದುವೆಯಾಗದ ಹುಡುಗಿ ಬಾಡಿಗೆ ಕೋಣೆಯಲ್ಲಿ ಇರುವುದೇ ಎಂದು ನೀವು ಹುಬ್ಬು ಗಂಟು ಹಾಕುವುದು ನನಗೆ ಇಲ್ಲಿಂದಲೇ ಕಾಣುತ್ತದೆ. ಹಾಕಿ.

ಅಮ್ಮ ಅಲ್ಲೇ, ಬಸ್ಸಿನ ದಾರಿಯಲ್ಲಿ, ಇಷ್ಟು ಹತ್ತಿರ ಇದ್ದಾಳೆ. ನೋಡಬೇಕೆಂದು ಜೀವ ಎಳೆಯುತ್ತದೆ. ಆದರೂ ಬರುವುದಿಲ್ಲ. ನೇರಳಪದವಿಗೆ ನಾನು ಬರುವುದಿದ್ದರೆ ಮೇಷ್ಟರಾಗಿಯೇ ಬರುವುದು. ಕೆಲಸ ಸಿಗದೆ ಮಾವನ ಮನೆ ಸೇರಿದವಳು ಎಂದು ಕರೆಸಿಕೊಳ್ಳಲು ನಾನು ತಯಾರಿಲ್ಲ.

ನಿಮ್ಮ ಸಮಿತಿಯ ಮೂಸಕುಂಞಿ ಸಾಹೇಬರು ಅಡಿಕೆ ವ್ಯಾಪಾರಕ್ಕೆ ಪೇಟೆಗೆ ಬಂದವರು ನನ್ನ ಸುದ್ದಿ ಕೇಳಿ ಜಗಲಿಗೆ ಬಂದಿದ್ದರು. ಅವರು ಹೇಳಿದ್ದನ್ನು ಹಾಗೇ ಬರೆಯುತ್ತೇನೆ: "ಟೀಚರಮ್ಮಾ, ಮಾಷ್ಟ್ರು ದೊಡ್ಡ ಜನ, ಅದು ಸರಿ. ಆದ್ರೆ ಅವ್ರು ಎಂತ ಹೇಳುದು ಅಂತ ಒಂದು ಮಗುವಿಗೂ ಗೊತ್ತಾಗುದಿಲ್ಲ. ನನ್ನ ತಮ್ಮನ ಮಗ ಈವರೆಗೆ ಕಲ್ತದ್ದು 'ಯಸ್ ಸಾರ್' ಮಾತ್ರ."

ನೀವು ಶಿಸ್ತು ಎಂದು ಹೊಗಳಿದ್ದು ಇದನ್ನೇ ಇರಬೇಕು. ಮಾವ, ಆ ಮಾಸ್ತರರಿಗೆ ಕನ್ನಡ ಬರುತ್ತದೆಯೇ ಎಂದು ನಿಮ್ಮಲ್ಲಿ ಯಾರಾದರೂ ಕೇಳಿದ್ದಿರಾ?

ದೇವಕಿ


ನೇರಳಪದವು
೯ ಸೆಪ್ಟೆಂಬರ್ ೧೯೬೦

ಕೂಸೇ,

ಕೇಳಲಿಲ್ಲ.

ನಗಬೇಡ. ನಮ್ಮ ಊರನ್ನು ನೆನಪು ಮಾಡಿಕೋ. ಕೆಲಸದವರ ಹತ್ತಿರ ತುಳು, ಗೌಡರ ಮನೆಗೆ ಹೋದರೆ ಅರೆಭಾಷೆ, ಮೂಸಕುಂಞಿಯ ಅಂಗಡಿಯಲ್ಲಿ ಬ್ಯಾರಿ, ಗಡಿಯಾಚೆಯವರು ಬಂದರೆ ಮಲಯಾಳ, ಕಚೇರಿಯಲ್ಲಿ ಕನ್ನಡ. ಇಲ್ಲಿ ಅಕ್ಷರ ಬಾರದವನೂ ನಾಲ್ಕು ಭಾಷೆಯಲ್ಲಿ ಜಗಳವಾಡುತ್ತಾನೆ. ಹಾಗಿರುವಾಗ ಎಂ.ಎ. ಓದಿದ ಮನುಷ್ಯನಿಗೆ ಕನ್ನಡ ಬಾರದೆ ಇರಬಹುದು ಎಂದು ಯಾರ ತಲೆಗೆ ಹೋಗಬೇಕು? ಬೇರೆ ಊರಿನವರಿಗೆ ಮೊದಲು ಹೊಳೆಯುವ ಪ್ರಶ್ನೆ ನಮಗೆ ಹೊಳೆಯಲೇ ಇಲ್ಲ. ಮದ್ರಾಸ್ ಎಂದು ಕಂಡಿತು, ಮತ್ತೇನೂ ಕಾಣಲಿಲ್ಲ.

ಪಾಪ, ಅವರದೇನೂ ತಪ್ಪಿಲ್ಲ. ನಮ್ಮದು ಇಂಗ್ಲಿಷ್ ಶಾಲೆ ಎಂದು ತಿಳಿದು ಬಂದವರು. ರಾತ್ರಿ ಶಂಕರಿಯಿಂದ ಕನ್ನಡ ಕಲಿಯುತ್ತಾರೆ. ಸೌತೆಕಾಯಿ, ಉಪ್ಪು, ಸಾಕು, ಇಷ್ಟು ಬಂದಿದೆ. ಅದರಲ್ಲಿ ಬೀಜಗಣಿತ ಹೇಳಿಕೊಡಲಾಗುವುದಿಲ್ಲ. ಮೊನ್ನೆಯ ಪರೀಕ್ಷೆಯಲ್ಲಿ ಮಕ್ಕಳು ಸೊನ್ನೆ ತಂದಿದ್ದಾರೆ.

ಮೀಟಿಂಗು ನಡೆಯಿತು. ಗೌಡರು ತಲೆ ಮೇಲೆ ಕೈ ಹೊತ್ತು ಕೂತರು. "ಅವ್ರನ್ನು ಕಳಿಸಿದ್ರೆ ಬೋರ್ಡು ಎಂತ ಮಾಡುದು ಭಟ್ರೇ?" ಕೊನೆಗೆ ನಾನೇ ದಾರಿ ಹುಡುಕಿದೆ, ಎಲ್ಲರೂ ಒಪ್ಪಿದರು. ನಿನ್ನನ್ನು ಸಹಾಯಕಿ ಎಂದು ನೇಮಿಸುತ್ತೇವೆ. ಮಾಸ್ತರರು ಇಂಗ್ಲಿಷಿನಲ್ಲಿ ಹೇಳುತ್ತಾರೆ, ನೀನು ಪಕ್ಕದಲ್ಲಿ ನಿಂತು ಅದನ್ನು ಕನ್ನಡದಲ್ಲಿ ಹೇಳಬೇಕು. ಸಂಬಳ ಅರ್ಧ. ಮದ್ರಾಸೂ ಉಳಿಯಿತು, ನಿನಗೂ ಕೆಲಸವಾಯಿತು, ಶಂಕರಿಗೆ ಮಗಳೂ ಸಿಕ್ಕಿದಳು. ಸೋಮವಾರವೇ ಬಾ.

ಶ್ಯಾಮ ಭಟ್ಟ


ಪುತ್ತೂರು
೧೨ ಸೆಪ್ಟೆಂಬರ್ ೧೯೬೦

ಮಾವ,

ಬರುವುದಿಲ್ಲ.

ನನ್ನ ಗಣಿತಕ್ಕೆ ಕೆಲಸ ಕೊಡಿ ಎಂದು ಕೇಳಿದ್ದೆ. ನೀವು ನನ್ನ ನಾಲಿಗೆಗೆ ಕೊಡುತ್ತಿದ್ದೀರಿ. ಮಕ್ಕಳಿಗೆ ಅರ್ಥವಾಗುವ ಹಾಗೆ ಹೇಳುವವಳು ನಾನು, ಮಾಸ್ತರು ಅವರು. ಸಂಬಳ ನನಗೆ ಅರ್ಧ, ಬೋರ್ಡು ಅವರಿಗೆ ಪೂರ್ತಿ! ಇದನ್ನು ನೀವು ಖುಷಿಯಲ್ಲಿ ಬರೆದಿರಲ್ಲ, ಅದು ನನಗೆ ತುಂಬ ನೋವು ಕೊಟ್ಟಿತು. ಓದಿ ಮುಗಿಸಿ ಅತ್ತೆ. ಆಮೇಲೆ ಮುಖ ತೊಳೆದು ಟ್ಯೂಷನ್ನಿಗೆ ಕೂತೆ.

ಅಮ್ಮನಿಗೆ ಇದನ್ನು ಓದಿ ಹೇಳಿ. ಬಿಟ್ಟು ಬಿಟ್ಟು ಓದಬೇಡಿ.

ದೇವಕಿ


ನೇರಳಪದವು
೧೫ ಫೆಬ್ರವರಿ ೧೯೬೧

ದೇವಕಿ,

ಇಷ್ಟು ತಿಂಗಳು ನಾನು ಬರೆಯಲಿಲ್ಲ, ನೀನೂ ಬರೆಯಲಿಲ್ಲ. ಶಂಕರಿ ಮಾತ್ರ ಹದಿನೈದು ದಿನಕ್ಕೊಮ್ಮೆ ಬಸ್ಸು ಹತ್ತಿ ನಿನ್ನ ಹತ್ತಿರ ಬಂದು ಹೋಗುತ್ತಾಳೆ. ಬಂದವಳು ನನ್ನ ಹತ್ತಿರ ಎರಡು ದಿನ ಮಾತಾಡುವುದಿಲ್ಲ. ನಿನ್ನೆ ಬಾಯಿ ಬಿಟ್ಟಳು: "ಅಣ್ಣ, ಹೊರಚಾವಡಿಯಲ್ಲಿ ಮದ್ರಾಸಿನವರು, ಬಾಡಿಗೆ ಕೋಣೆಯಲ್ಲಿ ನನ್ನ ಮಗಳು. ಇದು ಯಾವ ಊರಿನ ಲೆಕ್ಕ?"

ವರದರಾಜನ್ ಹೊರಟರು. ಅವರ ಊರಿನಲ್ಲೇ ಕಾಲೇಜಿನಲ್ಲಿ ಕೆಲಸ ಸಿಕ್ಕಿತು. ಬೀಳ್ಕೊಡುವಾಗ ಎದ್ದು ನಿಂತು ಕನ್ನಡದಲ್ಲೇ ಮಾತಾಡಿದರು: "ನೀವು ನನ್ನ ಡಿಗ್ರಿ ಕರೆದಿರಿ. ನಾನು ಕೂಡ ಬಂದೆ. ಮಕ್ಕಳು ಒಳ್ಳೆಯವರು ಮಾರಾಯ್ರೆ, ಅವರಿಗೆ ಮಾಸ್ತರು ಬೇಕು." ಗೌಡರು ತಲೆ ತಗ್ಗಿಸಿದರು.

ಆದರೂ ಮರುದಿನದ ಮೀಟಿಂಗಿನಲ್ಲಿ ಮತ್ತೆ ಮದ್ರಾಸೇ ಬೇಕೆಂದರು. ಈ ಸಲ ಕನ್ನಡ ಬರುವ ಮದ್ರಾಸ್. ಕಾಣಿಯೂರಿನ ಕೃಷ್ಣಮೋಹನ ಎಂಬ ಹುಡುಗ, ಬಿ.ಎ. ಗಣಿತ, ಮದ್ರಾಸ್, ಮೂರನೇ ದರ್ಜೆ. ಅರ್ಜಿ ಹಾಕಿದ್ದಾನೆ. ಆಗ ಮೂಸಕುಂಞಿ ಬಾಯಿ ಹಾಕಿದರು: "ಹೋದ ಸಲ ನಾವು ಗೋಣಿಯ ಹೊರಗೆ ಬರ್ದದ್ದು ನೋಡಿ ಮಾಲು ತಕ್ಕೊಂಡದ್ದು. ಅಂಗಡಿಯಲ್ಲಿ ನಾನು ಹಾಗೆ ಮಾಡುದುಂಟಾ? ಗೋಣಿ ಬಿಚ್ಚಿ, ಒಳಗೆ ಕೈ ಹಾಕಿ, ನಡುವಿಂದ ನಾಲ್ಕು ಅಡಿಕೆ ತೆಗ್ದು ಕತ್ತರಿಸಿ ನೋಡುದು. ಇಬ್ಬರನ್ನೂ ಕರ್ಸಿ, ಪಾಠ ಮಾಡ್ಲಿ." ಇಬ್ಬರು ಎಂದರೆ ಅವನೂ ನೀನೂ.

ಮಾರ್ಚ್ ನಾಲ್ಕರಂದು ಮಾದರಿ ಪಾಠ. ಸಮರೂಪ ತ್ರಿಭುಜಗಳ ಪಾಠವನ್ನು ಒಂದೇ ತರಗತಿಗೆ ಒಬ್ಬರಾದ ಮೇಲೆ ಒಬ್ಬರು ಮಾಡಬೇಕು. ಸಮಿತಿಯವರು ಹಿಂದಿನ ಬೆಂಚಿನಲ್ಲಿ ಕೂರುತ್ತಾರೆ.

ಬಾ, ಕೂಸೇ.

ನಿನ್ನ ಮಾವ


ಪುತ್ತೂರು
೧೮ ಫೆಬ್ರವರಿ ೧೯೬೧

ಮಾವ,

ಅರ್ಜಿಯನ್ನು ಬೇರೆ ಲಕೋಟೆಯಲ್ಲಿ ಸಮಿತಿಗೆ ಕಳಿಸಿದ್ದೇನೆ. ಬರುತ್ತೇನೆ.

ನೀವು ಮತ ಹಾಕಬಾರದು, ಒಳಗೂ ಕೂರಬಾರದು. ಕೂತರೆ ನನಗೆ ಸಿಕ್ಕಿದ್ದು ಮಾವ ಕೊಟ್ಟ ಕೆಲಸ ಎಂದಾಗುತ್ತದೆ, ಸಿಗದಿದ್ದರೆ ಮಾವನೂ ಒಪ್ಪಲಿಲ್ಲ ಎಂದಾಗುತ್ತದೆ. ಎರಡೂ ನನಗೆ ಬೇಡ. ಮತ್ತೆ, ಪಾಠಕ್ಕೆ ಮೊದಲು ನಮ್ಮಿಬ್ಬರ ಸರ್ಟಿಫಿಕೇಟುಗಳನ್ನು ಓದಿಸಿ. ನನ್ನದು ಧಾರವಾಡ ಎಂಬುದನ್ನು ಗಟ್ಟಿಯಾಗಿ ಓದಲಿ. ನಗುವವರು ಮೊದಲೇ ನಕ್ಕು ಮುಗಿಸಲಿ.

ಹೆದರಿಕೆ ಇಲ್ಲ ಎಂದರೆ ಸುಳ್ಳಾಗುತ್ತದೆ. ಕೃಷ್ಣಮೋಹನರು ಸರಿಯಾಗಿ ಪಾಠ ಮಾಡಿದರೆ ಅಷ್ಟು ಸಾಕು, ಅವರ ಹಿಂದೆ ಮದ್ರಾಸ್ ನಿಂತಿದೆ. ನಾನು ಬರೀ ಸರಿಯಾಗಿ ಮಾಡಿದರೆ ಸಾಲದು. ಇದು ಅನ್ಯಾಯ ಎಂದು ನನಗೆ ಗೊತ್ತು. ಅನ್ಯಾಯ ಎಂದು ಮನೆಯಲ್ಲಿ ಕೂತರೆ ಕೆಲಸ ಅವರಿಗೇ ಹೋಗುತ್ತದೆ, ಅದಕ್ಕೇ ಬರುತ್ತಿದ್ದೇನೆ.

ದೇವಕಿ


ನೇರಳಪದವು
೫ ಮಾರ್ಚ್ ೧೯೬೧

ಕೂಸೇ ದೇವಕಿ,

ಪಾಠ ಮುಗಿದದ್ದೇ ನೀನು ಅಮ್ಮನನ್ನು ಗೇಟಿನ ಹತ್ತಿರ ಅಪ್ಪಿಕೊಂಡು ಮಧ್ಯಾಹ್ನದ ಬಸ್ಸಿಗೆ ಹೋಗಿಬಿಟ್ಟೆ. ಊಟಕ್ಕೂ ನಿಲ್ಲಲಿಲ್ಲ. ಆಮೇಲೆ ನಡೆದದ್ದನ್ನು ನಾನೇ ಬರೆಯಬೇಕು.

ಮೊದಲು ನನ್ನ ಫಜೀತಿ ಹೇಳುತ್ತೇನೆ. ನಿನ್ನ ಮಾತಿನಂತೆ ನಾನು ಅಂಗಳದಲ್ಲಿ ಕುರ್ಚಿ ಹಾಕಿ ದೂರ ಕೂತಿದ್ದೆ. ಕೃಷ್ಣಮೋಹನನ ಪಾಠ ಅಲ್ಲಿಗೇ ಕೇಳುತ್ತಿತ್ತು. ಒಳ್ಳೆಯ ಹುಡುಗ, ಸ್ಪಷ್ಟ ಮಾತು, ಬೋರ್ಡಿನ ಮೇಲೆ ಚಿತ್ರವೂ ಚೊಕ್ಕ. ಕೆಲಸ ಅವನಿಗೇ ಎಂದುಕೊಂಡೆ ನಾನು. ಆಮೇಲೆ ನಿನ್ನ ಸರದಿ. ನೀನು ಮಕ್ಕಳನ್ನೆಲ್ಲ ಎಬ್ಬಿಸಿ ಅಂಗಳಕ್ಕೇ ತರಬೇಕೇ! ಹಿಂದಿನಿಂದ ಸಮಿತಿಯೂ ಬಂತು. "ಮಾನ್ಯ ಕರೆಸ್ಪಾಂಡೆಂಟರೇ, ಸ್ವಲ್ಪ ಎದ್ದು ಬಿಸಿಲಿಗೆ ನಿಲ್ಲಿ, ಅಲುಗಾಡಬೇಡಿ" ಎಂದೆ ನೀನು. ದೂರ ಇರು ಎಂದವಳೇ ನನ್ನನ್ನು ಅಳತೆಕೋಲು ಮಾಡಿದೆ. ಮಕ್ಕಳು ನನ್ನನ್ನೂ ಅಳೆದರು, ನನ್ನ ನೆರಳನ್ನೂ ಅಳೆದರು. ಆಮೇಲೆ ತೆಂಗಿನ ಮರದ ನೆರಳನ್ನು ಅಳೆದು, ಮರ ಹತ್ತದೆಯೇ ಅದರ ಎತ್ತರ ಹೇಳಿದರು. ಹೋದ ಪರೀಕ್ಷೆಯಲ್ಲಿ ಸೊನ್ನೆ ತಂದ ಮಕ್ಕಳು ಅವರೇ!

ಗೌಡರಿಗೆ ನಂಬಿಕೆ ಬರಲಿಲ್ಲ. ಕಾಯಿ ಕೀಳುವ ಅಪ್ಪಿಯನ್ನು ಕರೆಸಿ, ಹಗ್ಗ ಕೊಟ್ಟು ಮರ ಹತ್ತಿಸಿದ್ದನ್ನು ನೀನೇ ನೋಡಿದ್ದೀ. ಒಂದು ಗೇಣು ವ್ಯತ್ಯಾಸ ಬಂತು. "ಆ ಗೇಣು ಭಟ್ರ ಜುಟ್ಟಿನದ್ದು" ಎಂದರು ಮೂಸಕುಂಞಿ.

ಇಷ್ಟಾದ ಮೇಲೆ ಎಲ್ಲರೂ ನಿನಗೇ ಕೈ ಎತ್ತಬೇಕಲ್ಲ? ಎತ್ತಲಿಲ್ಲ. ಅದೇ ನನಗೆ ಆಶ್ಚರ್ಯ. ನಾನು ಬಾಗಿಲ ಹೊರಗೆ ನಿಂತಿದ್ದೆ. "ಪಾಠ ಅವಳದ್ದೇ ಒಳ್ಳೆದು, ಒಪ್ಪಿದೆ. ಆದ್ರೆ ಮದ್ರಾಸ್ ಮದ್ರಾಸೇ" ಎಂದರು ಒಬ್ಬರು. ಕಣ್ಣಾರೆ ಕಂಡ ಮೇಲೂ ಹಾಗೆ! ಮೂವರು ಅವನಿಗೆ, ಮೂವರು ನಿನಗೆ. ಉಳಿದದ್ದು ಮೂಸಕುಂಞಿ. ಅವರು ಯಾರ ಮುಖವನ್ನೂ ನೋಡದೆ ಹೇಳಿದರು: "ನನ್ನ ಮಗಳು ನೆಬೀಸ ಎಂಟನೇ ಕ್ಲಾಸು ಪಾಸು, ಮನೆಯಲ್ಲಿ ಕೂತಿದ್ದಾಳೆ. ಗಂಡಸು ಮಾಷ್ಟ್ರ ಹತ್ರ ಕಳ್ಸುದಿಲ್ಲ ಅಂತ ಅವ್ಳ ಉಮ್ಮ, ನನ್ನ ಹೆಂಡ್ತಿ ಜೈನಬಮ್ಮ. ನಿನ್ನೆ ಅವ್ಳೇ ಕೇಳಿದ್ಳು, ಆ ಪುತ್ತೂರಿನ ಟೀಚರ್ ಬಂದ್ರೆ ಕಳಿಸುವಾ ಅಂತ. ನನ್ನ ಕೈ ಇವಳಿಗೆ. ಧಾರವಾಡ ಎಲ್ಲಿ ಉಂಟು ಅಂತ ನಂಗೆ ಗೊತ್ತಿಲ್ಲ, ಗೊತ್ತಾಗುದೂ ಬೇಡ."

ನಾನು ಬಾಗಿಲ ಹೊರಗೆ ನಿಂತೇ ಅತ್ತುಬಿಟ್ಟೆ. ಮುದುಕ ಅಳುವುದನ್ನು ಕಂಡು ಮಕ್ಕಳು ನಕ್ಕರು.

ಒಂದೇ ಒಂದು ವಿಷಯ. ಗೌಡರ ಹಟಕ್ಕೆ ಆದೇಶದಲ್ಲಿ 'ತಾತ್ಕಾಲಿಕ' ಎಂಬ ಶಬ್ದ ಸೇರಿದೆ. ಮದ್ರಾಸ್ ಪದವೀಧರರು ಸಿಗುವ ತನಕ ಎಂದು. ಇದರೊಂದಿಗೆ ಇರುವ ಆದೇಶದಲ್ಲಿ ನೋಡು. ಶಬ್ದ ಇದ್ದರೆ ಇರಲಿ, ನೀನು ಬಂದರೆ ಸಾಕು.

ನಿನ್ನ ಮಾವ


ಪುತ್ತೂರು
೮ ಮಾರ್ಚ್ ೧೯೬೧

ಮಾವ,

ನೀವು ಅತ್ತದ್ದನ್ನು ಓದಿ ನಾನೂ ಅತ್ತೆ. ಪಂಕಜಾಕ್ಷಿಯವರು ಯಾರೋ ಹೋಗಿಬಿಟ್ಟರು ಎಂದು ಗಾಬರಿಯಾದರು.

ಆದರೆ ಆದೇಶವನ್ನು ಹಿಂದಕ್ಕೆ ಕಳಿಸುತ್ತಿದ್ದೇನೆ. ವರದರಾಜನ್ ಅವರ ಆದೇಶದಲ್ಲಿ 'ತಾತ್ಕಾಲಿಕ' ಇತ್ತೇ? ಇಲ್ಲ ಎಂದು ಅಮ್ಮ ಹೇಳಿದ್ದಾಳೆ, ಅವರೇ ಅವಳಿಗೆ ತೋರಿಸಿದ್ದರಂತೆ. ಮಕ್ಕಳ ಭಾಷೆ ಬಾರದವರಿಗೆ ಕಾಯಂ, ಬರುವವಳಿಗೆ ತಾತ್ಕಾಲಿಕ. ಈ ಶಬ್ದವನ್ನು ಹೊತ್ತುಕೊಂಡು ನಾನು ತರಗತಿಯಲ್ಲಿ ನಿಲ್ಲಲಾರೆ. ಪ್ರತಿ ಜೂನ್ ತಿಂಗಳಲ್ಲೂ ಬಸ್ಸಿನಿಂದ ಯಾರು ಇಳಿಯುತ್ತಾರೆ ಎಂದು ನೋಡುತ್ತ ಕೂರಲಾರೆ.

ಇಷ್ಟು ಹತ್ತಿರ ಬಂದ ಮೇಲೆ ಹಟವೇ ಎಂದು ಅಮ್ಮ ಹೇಳುತ್ತಾಳೆ. ಹತ್ತಿರ ಬಂದದ್ದೇ ಹಟದಿಂದ ಎಂದೆ. ಇಷ್ಟು ದಿನ ದೂರ ಕೂರಿ ಎಂದಿದ್ದೆ ನಿಮಗೆ. ಪಾಠ ಮುಗಿಯಿತು, ಮತವೂ ಮುಗಿಯಿತು. ಈಗ ಕರೆಸ್ಪಾಂಡೆಂಟರು ತಮ್ಮ ಕೆಲಸ ಮಾಡಬಹುದು.

ದೇವಕಿ


ನೇರಳಪದವು
೨ ಏಪ್ರಿಲ್ ೧೯೬೧

ದೇವಕಿ,

ಮಾಡಿದೆ. ಎರಡು ಮೀಟಿಂಗು ಹಿಡಿಯಿತು. ಗೌಡರು ಮೇಜು ಗುದ್ದಿದರು, ನಾನೂ ಗುದ್ದಿದೆ. ನನ್ನ ಕೈ ಇನ್ನೂ ನೋಯುತ್ತಿದೆ. "ಅವಳು ನಿಮ್ಮ ಸೋದರಸೊಸೆ ಅಂತ ಗುದ್ದುದಾ?" ಎಂದರು. "ಹೌದು, ನನ್ನ ಸೊಸೆ. ಅದಕ್ಕೇ ಒಂದು ವರ್ಷ ನಾನು ಬಾಯಿ ಮುಚ್ಚಿ ಕೂತದ್ದು. ಬೇರೆಯವರ ಮಗಳಾಗಿದ್ದರೆ ಮೊದಲ ದಿನವೇ ಗುದ್ದುತ್ತಿದ್ದೆ" ಎಂದೆ. ಗೌಡರು ಆದೇಶವನ್ನು ಹತ್ತಿರ ಎಳೆದುಕೊಂಡರು. "ಹೊಡ್ದು ಹಾಕಿ ಆ ಶಬ್ದ" ಎಂದು ಪೆನ್ನು ನನ್ನ ಕಡೆ ತಳ್ಳಿದರು.

ಹೊಸ ಆದೇಶ ಇದರೊಂದಿಗೆ ಇದೆ. ಜೂನ್ ಐದರಂದು ಶಾಲೆ. ಕೋಣೆ ಖಾಲಿ ಮಾಡಿ ಮೊದಲೇ ಮನೆಗೆ ಬಾ. ಶಂಕರಿ ಹಾಸಿಗೆಯನ್ನು ಈಗಲೇ ಬಿಸಿಲಿಗೆ ಹಾಕಿದ್ದಾಳೆ.

ಮಾವ


ನೇರಳಪದವು
೧೦ ಜೂನ್ ೧೯೬೧

ಮಾವ,

ನೀವು ಶಾಲೆಯ ಅನುದಾನಕ್ಕೆಂದು ಮಂಗಳೂರಿಗೆ ಹೋದವರು ಇಡೀ ವಾರ ಬರಲಿಲ್ಲ. ನಾನು ಮೇಜಿನ ಮೇಲೆ ಬರೆಯುತ್ತಿರುವುದನ್ನು ಕಂಡು ಅಮ್ಮ, "ಒಂದೇ ಮನೆಯಲ್ಲಿದ್ದೂ ಕಾಗದವೇ?" ಎಂದು ನಗುತ್ತಿದ್ದಾಳೆ. ನೀವು ಬರುವ ತನಕ ಕಾಯಲು ನನಗಾಗದು.

ಮೊದಲ ದಿನ ಗೌಡರು ಬಂದು ಕಿಟಕಿಯ ಹೊರಗೆ ನಿಂತಿದ್ದರು. ನಾನು ನೋಡಿಯೂ ನೋಡದ ಹಾಗೆ ಪಾಠ ಮಾಡಿದೆ. ಹೋಗುವಾಗ "ಮಕ್ಳು ಭಾರೀ ಗಲಾಟೆ ಮಾಡ್ತವೆ ಟೀಚರೇ" ಎಂದರು. "ಹೌದು, ಪ್ರಶ್ನೆ ಕೇಳುತ್ತಿದ್ದಾರೆ" ಎಂದೆ.

ಒಂಬತ್ತನೇ ತರಗತಿಯ ಮುಂದಿನ ಬೆಂಚಿನಲ್ಲಿ ನೆಬೀಸ ಕೂತಿದ್ದಾಳೆ. ಪಕ್ಕದಲ್ಲಿ ಅವಳ ಚಿಕ್ಕಪ್ಪನ ಮಗಳು, ಆಚೆಗೆ ಗೌಡರ ಒಕ್ಕಲಿನ ಇಬ್ಬರು ಹುಡುಗಿಯರು. ಹೋದ ವರ್ಷ ಆ ಬೆಂಚು ಖಾಲಿ ಇತ್ತಂತೆ. ನೆಬೀಸ ಮೂರು ದಿನ ತಲೆ ಎತ್ತಲಿಲ್ಲ, ಬಾಯಿ ಬಿಡಲಿಲ್ಲ. ಲೆಕ್ಕ ಮಾತ್ರ ಎಲ್ಲರಿಗಿಂತ ಮೊದಲು ಮುಗಿಸಿ ಪುಸ್ತಕ ಮಗುಚಿಟ್ಟು ಕೂರುತ್ತಿದ್ದಳು.

ನಿನ್ನೆ ಗಂಟೆ ಹೊಡೆದ ಮೇಲೆ ಉಳಿದವರೆಲ್ಲ ಹೋದರು, ಅವಳು ಹೋಗಲಿಲ್ಲ. ತಲೆವಸ್ತ್ರದ ತುದಿ ಹಿಡಿದುಕೊಂಡು ಮೇಜಿನ ಹತ್ತಿರ ಬಂದಳು. ಲೆಕ್ಕ ಕೇಳಲು ಬಂದಳು ಎಂದುಕೊಂಡೆ.

"ಟೀಚರ್," ಎಂದಳು, "ಧಾರವಾಡಕ್ಕೆ ಹೋಗ್ಲಿಕ್ಕೆ ಯಾವ ಬಸ್ಸು ಹತ್ತಬೇಕು?"

ದೇವಕಿ